ಕೌನ್ಸಿಲ್ ಮನೆ: ಅರ್ಧ ಬೆಲೆಯ ಮಾತು ಎಷ್ಟು ನಿಜ?

ಇಂಗ್ಲೆಂಡಿನಲ್ಲಿ ಕೌನ್ಸಿಲ್ ಮನೆಯಲ್ಲಿ ಬಾಡಿಗೆಗಿದ್ದವರಿಗೆ ಅದೇ ಮನೆ ಅರ್ಧ ಬೆಲೆಗೆ ಸಿಗುತ್ತದೆ ಎಂಬ ಮಾತನ್ನು ಈಗಲೂ ಕೇಳುತ್ತೇವೆ. ಕೌನ್ಸಿಲ್ ಎಂದರೆ ಅಲ್ಲಿನ ಸ್ಥಳೀಯ ಆಡಳಿತ. ಮಾರ್ಗರೆಟ್ ಥ್ಯಾಚರ್ ಸರ್ಕಾರ 1980ರಲ್ಲಿ ಕಾಯ್ದೆ ಮಾಡಿ ತಂದ ‘ರೈಟ್ ಟು ಬೈ’ ಯೋಜನೆಯಿಂದ ಹುಟ್ಟಿದ ಮಾತಿದು. ಒಂದು ಕಾಲಕ್ಕೆ ಇದಕ್ಕೆ ಆಧಾರವಿತ್ತು. ಇವತ್ತು ಇದನ್ನೇ ನಂಬಿ ಸಾಲಕ್ಕೆ ಓಡಾಡಿದರೆ ಕೈ ಸುಟ್ಟುಕೊಳ್ಳಬೇಕಾಗುತ್ತದೆ.

ನಿಯಮ ಓದಿದರೆ ರಿಯಾಯಿತಿ ದೊಡ್ಡದಾಗಿಯೇ ಕಾಣುತ್ತದೆ. ಮೂರು ವರ್ಷ ಬಾಡಿಗೆಗಿದ್ದವರಿಗೆ ಫ್ಲಾಟ್ ಮೇಲೆ ಶೇ 50; ಐದು ವರ್ಷ ದಾಟಿದ ಮೇಲೆ ವರ್ಷಕ್ಕೆ ಶೇ 2ರಂತೆ ಏರಿ ಶೇ 70ರವರೆಗೆ. ಪ್ರತ್ಯೇಕ ಮನೆಗೆ ಶೇ 35ರಿಂದ ಶುರು, ಆಮೇಲೆ ವರ್ಷಕ್ಕೆ ಶೇ 1. ಆದರೆ ಗರಿಷ್ಠ ಮಿತಿ ಎಂಬುದೊಂದಿದೆ. ಲಂಡನ್ನಿನಲ್ಲಿ 1,36,400 ಪೌಂಡ್, ಉಳಿದೆಡೆ 1,02,400 ಪೌಂಡ್ ಇದ್ದ ಆ ಮಿತಿಯನ್ನು 2024ರ ನವೆಂಬರ್ 21ರಿಂದ ಪ್ರದೇಶಕ್ಕೆ ತಕ್ಕಂತೆ 16,000ದಿಂದ 38,000 ಪೌಂಡ್‌ಗೆ ಇಳಿಸಲಾಯಿತು.

ಲಂಡನ್ನಿನಲ್ಲಿ 4 ಲಕ್ಷ ಪೌಂಡ್ ಬೆಲೆಯ ಫ್ಲಾಟಿನಲ್ಲಿ ಹತ್ತು ವರ್ಷ ಇದ್ದವರನ್ನು ತೆಗೆದುಕೊಳ್ಳಿ. ಶೇ 60ರ ಲೆಕ್ಕದಲ್ಲಿ 2,40,000 ಪೌಂಡ್ ಕಡಿಮೆಯಾಗಬೇಕು. ಆದರೆ ನಗರದ ಬಹುಪಾಲು ಭಾಗದಲ್ಲಿ ಮಿತಿ 16,000. ಅಲ್ಲಿಗೆ ಅವರು ತೆರಬೇಕಾದದ್ದು 3,84,000 ಪೌಂಡ್. ಇಷ್ಟು ವರ್ಷ ಕಟ್ಟಿದ ಬಾಡಿಗೆ ಬೆಲೆಯಲ್ಲಿ ವಜಾ ಆಗುತ್ತದೆ ಎಂದುಕೊಂಡವರೂ ಇದ್ದಾರೆ. ಒಂದು ಪೌಂಡ್ ಕೂಡ ಆಗುವುದಿಲ್ಲ.

ಮಿತಿ ಇಳಿಸಿದ್ದು ಅನ್ಯಾಯವೆಂದು ನನಗನ್ನಿಸುವುದಿಲ್ಲ. ಮಾರಿದಷ್ಟು ಮನೆಗಳನ್ನು ಕೌನ್ಸಿಲ್‌ಗಳು ಮತ್ತೆ ಕಟ್ಟಿಸಲಿಲ್ಲ. ಮನೆಗಾಗಿ ವರ್ಷಗಟ್ಟಲೆ ಸರದಿಯಲ್ಲಿ ಕಾದಿರುವವರೂ ಬಾಡಿಗೆದಾರರಷ್ಟೇ ಬಡವರು.

ಕೊಂಡ ಮರುವರ್ಷವೇ ಮಾರಿ ಲಾಭ ಮಾಡಬಹುದೆಂಬ ನಂಬಿಕೆಯೂ ಗಟ್ಟಿಯಾಗಿದೆ. ಮಾರಲು ಅಡ್ಡಿಯಿಲ್ಲ, ಆದರೆ ಐದು ವರ್ಷದೊಳಗೆ ಮಾರಿದರೆ ಕೌನ್ಸಿಲ್ ರಿಯಾಯಿತಿಯನ್ನು ವಾಪಸ್ ಕೇಳಬಹುದು: ಮೊದಲ ವರ್ಷ ಪೂರ್ತಿ, ಎರಡನೆಯ ವರ್ಷ ಶೇ 80, ಹೀಗೆ ಇಳಿಯುತ್ತಾ ಐದನೆಯ ವರ್ಷ ಶೇ 20. ಅದೂ ಕೊಂಡಾಗಿನ ಮೊತ್ತದ ಮೇಲಲ್ಲ, ಮಾರುವಾಗಿನ ಬೆಲೆಯ ಮೇಲೆ. 3,40,000 ಪೌಂಡಿನ ಮನೆಗೆ 34,000, ಅಂದರೆ ಶೇ 10 ರಿಯಾಯಿತಿ ಸಿಕ್ಕಿತ್ತು ಎನ್ನಿ. ವರ್ಷದೊಳಗೆ ಅದು 4 ಲಕ್ಷಕ್ಕೆ ಹೋದರೆ ಮರಳಿಸಬೇಕಾದದ್ದು 40,000. ಹತ್ತು ವರ್ಷದೊಳಗೆ ಮಾರುವುದಾದರೆ ಮೊದಲು ಹಳೆಯ ಮಾಲೀಕರಿಗೇ ಹೇಳಿ ನೋಡಬೇಕೆಂಬ ಷರತ್ತೂ ಉಂಟು.

ಇದೆಲ್ಲಕ್ಕಿಂತ ಹೆಚ್ಚು ಜನರನ್ನು ಹಣ್ಣು ಮಾಡುವುದು ಫ್ಲಾಟಿನ ಮುಂದಿನ ಖರ್ಚು. ‘ಮನೆ ನಮ್ಮದಾದರೂ ದುರಸ್ತಿ ಕೌನ್ಸಿಲಿನದ್ದೇ ತಾನೇ’ ಎನ್ನುತ್ತಾರೆ. ಕೆಲಸ ಮಾಡಿಸುವುದು ಕೌನ್ಸಿಲ್, ನಿಜ. ಖರ್ಚಿನ ಪಾಲು ನಿಮ್ಮದು. ಫ್ಲಾಟ್ ಸಿಗುವುದು ಸಾಮಾನ್ಯವಾಗಿ 125 ವರ್ಷದ ಲೀಸ್ ಮೇಲೆ. ಹದಿನಾಲ್ಕನೆಯ ಮಹಡಿಯ ಮೇಲಿನ ಛಾವಣಿ ಬದಲಿಸಿದರೆ ಎರಡನೆಯ ಮಹಡಿಯವರ ಬಾಗಿಲಿಗೂ ಬಿಲ್ಲು ಬರುತ್ತದೆ. ಲಿಫ್ಟ್, ಮೆಟ್ಟಿಲ ದೀಪ, ಹೊರಗೋಡೆ ಎಲ್ಲಕ್ಕೂ ಇದೇ ಲೆಕ್ಕ. ಮಾರುವ ಮುನ್ನ ಕೌನ್ಸಿಲ್ ಕೊಡುವ ‘ಸೆಕ್ಷನ್ 125 ನೋಟಿಸ್’ನಲ್ಲಿ ಮುಂದಿನ ಐದು ವರ್ಷದ ಕೆಲಸಗಳ ಅಂದಾಜು ಇರುತ್ತದೆ. ಆ ಅವಧಿಯಲ್ಲಿ ಹಣದುಬ್ಬರ ಬಿಟ್ಟರೆ ಅಂದಾಜು ಮೀರಿ ವಸೂಲಿ ಮಾಡುವಂತಿಲ್ಲ. ಆರನೆಯ ವರ್ಷದಿಂದ ಆ ರಕ್ಷಣೆ ಇರುವುದಿಲ್ಲ. ಎಲ್ಲರೂ ಮೊದಲ ಪುಟದ ಬೆಲೆ ನೋಡುತ್ತಾರೆ. ನೋಡಬೇಕಾದದ್ದು ಈ ಅಂದಾಜಿನ ಪುಟಗಳನ್ನು.

ಬೆಲೆ ಹೆಚ್ಚೆನಿಸಿದರೆ ಸುಮ್ಮನೆ ಒಪ್ಪಬೇಕಿಲ್ಲ, ಸರ್ಕಾರದ ಡಿಸ್ಟ್ರಿಕ್ಟ್ ವ್ಯಾಲ್ಯುಯರ್ ಅವರಿಂದ ಮರುಮೌಲ್ಯಮಾಪನ ಕೇಳಬಹುದು. ಆದರೆ ಅವರು ಹೇಳಿದ ಬೆಲೆ ಮೊದಲಿಗಿಂತ ಹೆಚ್ಚಾದರೂ ಅದೇ ಅನ್ವಯವಾಗುತ್ತದೆ.

ಈ ಯೋಜನೆ ಬ್ರಿಟನ್ ತುಂಬಾ ಇದೆ ಎಂಬುದೂ ತಪ್ಪು. ಸ್ಕಾಟ್ಲೆಂಡ್ 2016ರಲ್ಲಿ, ವೇಲ್ಸ್ 2019ರಲ್ಲಿ ಇದನ್ನು ನಿಲ್ಲಿಸಿದವು. ಇಂಗ್ಲೆಂಡಿನಲ್ಲೂ ಮೂರು ವರ್ಷದ ಅರ್ಹತೆಯನ್ನು ಹತ್ತು ವರ್ಷಕ್ಕೆ ಏರಿಸಿ, ರಿಯಾಯಿತಿಯನ್ನು ಶೇ 5ರಿಂದ 15ರೊಳಗೆ ಇಡುವ ನಿರ್ಧಾರವನ್ನು ಸರ್ಕಾರ 2025ರ ಜುಲೈನಲ್ಲಿ ಪ್ರಕಟಿಸಿದೆ. ಅರ್ಜಿ ಹಾಕುವ ದಿನ ಯಾವ ನಿಯಮ ಜಾರಿಯಲ್ಲಿದೆಯೆಂದು ಕೌನ್ಸಿಲ್ ಕಚೇರಿಯಲ್ಲೇ ಕೇಳಿ ತಿಳಿದುಕೊಳ್ಳಿ.