ತುಂಬುಗರ್ಭಿಣಿಯರ ಕೈಜೋಮು : ಕಾರಣ ಮತ್ತು ಉಪಶಮನ

ಕನ್ನಡದಲ್ಲಿ ‘ಕೈ’ ಎಂಬ ಒಂದಕ್ಷರದ ಶಬ್ದವು ಹೊತ್ತಿರುವ ಅರ್ಥಭಾರ ಸಾಮಾನ್ಯವಾದುದಲ್ಲ. ಎಣಿಸಿದ ಕಾರ್ಯ ಸಿದ್ಧಿಸಿದರೆ ಕೈಗೂಡಿತೆನ್ನುವುದು ವಾಡಿಕೆ. ಬಲ ಕುಂದಿದರೆ ಕೈಸೋತಿತೆನ್ನುವುದುಂಟು. ಆಶ್ರಯವಿತ್ತವನು ಕೈಹಿಡಿದವನು, ಆಪತ್ತಿನಲ್ಲಿ ತೊರೆದವನು ಕೈಬಿಟ್ಟವನು. ಮನುಷ್ಯನ ಬಾಳು ಕೈಯನ್ನು ಎಷ್ಟು ನೆಚ್ಚಿಕೊಂಡಿದೆಯೆಂಬುದಕ್ಕೆ ನುಡಿಯೇ ಸಾಕ್ಷಿಯಾಗಿದೆ. ಇಂಥ ಕೈ, ಕೂಸನ್ನೆತ್ತಿಕೊಳ್ಳುವ ದಿನಗಳು ಸಮೀಪಿಸುತ್ತಿರುವಾಗಲೇ ಜೋಮು ಹಿಡಿದು ಸೋಲತೊಡಗಿದರೆ ಗರ್ಭಿಣಿಯ ಮನಸ್ಸಿಗೆ ಎಷ್ಟು ಕಳವಳವಾಗಬಹುದೆಂಬುದನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ.

ಗರ್ಭಾವಸ್ಥೆಯ ಕೊನೆಯ ಮೂರು ತಿಂಗಳುಗಳಲ್ಲಿ ಅನೇಕ ಸ್ತ್ರೀಯರು ಈ ತೊಂದರೆಗೆ ಗುರಿಯಾಗುತ್ತಾರೆ. ನಡುರಾತ್ರಿಯಲ್ಲಿ ಎಚ್ಚರವಾಗುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿ ಇರುವೆ ಹರಿದಂತೆ, ಸೂಜಿ ಚುಚ್ಚಿದಂತೆ ವೇದನೆಯಾಗುತ್ತದೆ. ಎದ್ದು ಕುಳಿತು ಕೈಯನ್ನು ಕೊಡವಿದರೆ ಸ್ವಲ್ಪ ಹಗುರವೆನಿಸುತ್ತದೆ. ಮಲಗಿದರೆ ಮತ್ತೆ ಅದೇ ಬಾಧೆ. ಬೆಳಗಾದ ಮೇಲೆ ರವಿಕೆಯ ಗುಂಡಿ ಹಾಕಿಕೊಳ್ಳುವುದೂ ಪ್ರಯಾಸದ ಕೆಲಸವಾಗುತ್ತದೆ. ಹಿಡಿದ ಲೋಟ ಜಾರುತ್ತದೆ. ಶಾಲೆಯ ಉಪಾಧ್ಯಾಯಿನಿಯಾದರೆ ಕಪ್ಪುಹಲಗೆಯ ಮೇಲೆ ನಾಲ್ಕು ಸಾಲು ಬರೆಯುವಷ್ಟರಲ್ಲಿ ಸೀಮೆಸುಣ್ಣ ಬೆರಳಿನಿಂದ ಕಳಚುತ್ತದೆ. ಹೇಳಿಕೊಂಡರೆ, ‘ಬಸಿರಿನಲ್ಲಿ ಇದೆಲ್ಲ ಇದ್ದದ್ದೇ’ ಎಂಬ ಸಮಾಧಾನ ದೊರೆಯುತ್ತದೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ತಿಳಿಯದಿದ್ದರೆ ಆಕೆ ಅನಾವಶ್ಯಕವಾಗಿ ನೋವನ್ನು ನುಂಗಬೇಕಾಗುತ್ತದೆ. ಕೆಲವೊಮ್ಮೆ ಅಪಾಯದ ಸೂಚನೆಯೊಂದು ಯಾರ ಗಮನಕ್ಕೂ ಬಾರದೆ ಹೋಗುತ್ತದೆ.

ಮಣಿಕಟ್ಟಿನ ಸುರಂಗ

ವೈದ್ಯರು ಈ ಬಾಧೆಯನ್ನು ‘ಕಾರ್ಪಲ್ ಟನಲ್ ಸಿಂಡ್ರೋಮ್’ ಎಂದು ಕರೆಯುತ್ತಾರೆ. ‘ಕಾರ್ಪಸ್’ ಎಂಬುದು ಮಣಿಕಟ್ಟನ್ನು ಸೂಚಿಸುವ ಗ್ರೀಕ್ ಮೂಲದ ಶಬ್ದ. ಸಂಸ್ಕೃತದಲ್ಲಿ ಇದೇ ಮಣಿಬಂಧ. ಮಣಿಕಟ್ಟಿನಲ್ಲಿ ಎಂಟು ಸಣ್ಣ ಮೂಳೆಗಳು ಕಮಾನಿನ ಆಕಾರದಲ್ಲಿ ಜೋಡಣೆಗೊಂಡಿವೆ. ಅಂಗೈಯ ಕಡೆಯಿಂದ ಬಲವಾದ ಅಡ್ಡಪಟ್ಟಿಯೊಂದು ಈ ಕಮಾನನ್ನು ಮುಚ್ಚುತ್ತದೆ. ನಡುವೆ ಉಳಿಯುವ ಇಕ್ಕಟ್ಟಾದ ಹಾದಿಯೇ ಸುರಂಗ. ಅದರಲ್ಲಿ ಬೆರಳುಗಳನ್ನು ಮಡಿಸುವ ಒಂಬತ್ತು ಕಂಡರಗಳೂ ಅವುಗಳ ಜೊತೆಗೆ ‘ಮೀಡಿಯನ್’ ಎಂಬ ಮಧ್ಯನರವೂ ಹಾದುಹೋಗುತ್ತವೆ. ಒಳಗೆ ಸ್ವಲ್ಪ ಊತ ತೋರಿದರೂ ಮೂಳೆಯಾಗಲಿ ಪಟ್ಟಿಯಾಗಲಿ ಹಿಗ್ಗಿ ಎಡೆಗೊಡಲಾರವು. ಆಗ ಎಲ್ಲಕ್ಕಿಂತ ಮೃದುವಾದ ನರವೇ ಒತ್ತಡಕ್ಕೆ ಸಿಲುಕಬೇಕಾಗುತ್ತದೆ.

ಮಧ್ಯನರವು ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಿಗೂ ಉಂಗುರಬೆರಳಿನ ಅರ್ಧಭಾಗಕ್ಕೂ ಸ್ಪರ್ಶಜ್ಞಾನವನ್ನು ಒದಗಿಸುತ್ತದೆ; ಹೆಬ್ಬೆರಳಿನ ಬುಡದ ಸ್ನಾಯುಗಳಿಗೆ ಚಾಲನೆಯನ್ನು ನೀಡುತ್ತದೆ. ಕಿರುಬೆರಳಿನ ನರ ಬೇರೆ, ಅದು ಈ ಸುರಂಗದಲ್ಲಿ ಹಾಯುವುದಿಲ್ಲ. ಆದುದರಿಂದ ಕಿರುಬೆರಳನ್ನು ಬಿಟ್ಟು ಉಳಿದ ಬೆರಳುಗಳಲ್ಲಿ ಜೋಮು ಕಾಣಿಸುವುದು ಈ ರೋಗದ ಮುಖ್ಯ ಲಕ್ಷಣವಾಗಿದೆ.

ಮಣಿಕಟ್ಟಿನಲ್ಲಿ ಈ ನರ ಒತ್ತಲ್ಪಡುವುದನ್ನು 1854ರಲ್ಲಿಯೇ ಇಂಗ್ಲೆಂಡಿನ ಶಸ್ತ್ರವೈದ್ಯ ಜೇಮ್ಸ್ ಪ್ಯಾಜೆಟ್ ವರ್ಣಿಸಿದ್ದನು. 1950ರ ದಶಕದಲ್ಲಿ ಅಮೆರಿಕದ ಜಾರ್ಜ್ ಫೇಲನ್ ಎಂಬ ವೈದ್ಯನ ಬರಹಗಳಿಂದ ಇದು ವೈದ್ಯಲೋಕದಲ್ಲಿ ಸುಪರಿಚಿತವಾಯಿತು. ಮಣಿಕಟ್ಟುಗಳನ್ನು ಒಂದು ನಿಮಿಷದವರೆಗೆ ಒಳಮುಖವಾಗಿ ಬಗ್ಗಿಸಿ ಹಿಡಿದಾಗ ಜೋಮು ತೋರುವುದೋ ಎಂದು ನೋಡುವ ಪರೀಕ್ಷೆಗೆ ಇಂದಿಗೂ ಆತನ ಹೆಸರಿದೆ.

ಗರ್ಭಿಣಿಯರಿಗೇಕೆ?

ಗರ್ಭಿಣಿಗೆ ಸಂಸ್ಕೃತದಲ್ಲಿ ‘ದೌಹೃದಿನೀ’ ಎಂಬ ಹೆಸರುಂಟು. ಎರಡು ಹೃದಯಗಳುಳ್ಳವಳೆಂದು ಇದರ ತಾತ್ಪರ್ಯ. ಎರಡು ಜೀವಗಳನ್ನು ಪೋಷಿಸಬೇಕಾದ ದೇಹವು ರಕ್ತವನ್ನೂ ನೀರನ್ನೂ ಹೆಚ್ಚಾಗಿ ಕೂಡಿಟ್ಟುಕೊಳ್ಳುತ್ತದೆ. ದಿನ ತುಂಬುವ ವೇಳೆಗೆ ಶರೀರದ ಜಲಾಂಶವು 6 ಲೀಟರಿಗೂ ಮಿಕ್ಕು ಏರುತ್ತದೆ. ಇದು ರೋಗವಲ್ಲ, ಪ್ರಕೃತಿಯ ಸಿದ್ಧತೆ. ಆದರೆ ಪಾದಗಳನ್ನು ಊದಿಸುವ ನೀರೇ ಮಣಿಕಟ್ಟಿನ ಸುರಂಗದಲ್ಲಿಯೂ ಸೇರಿ ನರವನ್ನು ಅಮುಕುತ್ತದೆ. ಅನೇಕರಿಗೆ ಎರಡೂ ಕೈಗಳಲ್ಲಿ ತೊಂದರೆ ಕಾಣಿಸುವುದಕ್ಕೆ ಇದೇ ಕಾರಣ. ನಿದ್ರೆಯಲ್ಲಿ ಮಣಿಕಟ್ಟು ಅರಿವಿಲ್ಲದೆ ಮಡಿಸಿಕೊಳ್ಳುವುದರಿಂದ ಹಾದಿ ಇನ್ನಷ್ಟು ಕಿರಿದಾಗಿ ರಾತ್ರಿಯ ಬಾಧೆ ಉಲ್ಬಣಿಸುತ್ತದೆ. ಮಧುಮೇಹವಿರುವವರಲ್ಲಿಯೂ ಥೈರಾಯ್ಡ್ ಗ್ರಂಥಿಯ ಸ್ರಾವ ಕಡಿಮೆಯಾದವರಲ್ಲಿಯೂ ಈ ಬಾಧೆ ಹೆಚ್ಚು.

ಉಪಶಮನದ ಮಾರ್ಗ

ಮೊದಲನೆಯ ಚಿಕಿತ್ಸೆ ಅತ್ಯಂತ ಸರಳವಾದುದು. ಮಣಿಕಟ್ಟನ್ನು ಬಗ್ಗಿಸದೆ ನೇರವಾಗಿರಿಸುವ ಪಟ್ಟಿ ಔಷಧದ ಅಂಗಡಿಗಳಲ್ಲಿ ದೊರೆಯುತ್ತದೆ. ‘ಸ್ಪ್ಲಿಂಟ್’ ಎಂದು ಕೇಳಿದರೆ ಕೊಡುತ್ತಾರೆ. ಅದನ್ನು ಮುಖ್ಯವಾಗಿ ರಾತ್ರಿ ಕಟ್ಟಿಕೊಳ್ಳಬೇಕು. ಬೆರಳುಗಳು ಸರಾಗವಾಗಿ ಆಡುವಂತಿರಬೇಕು. ಬಿಗಿದು ಕಟ್ಟಿದರೆ ಊತಕ್ಕೆ ಒತ್ತಡವನ್ನೂ ಸೇರಿಸಿದಂತಾಗುತ್ತದೆ. ಒಂದೆರಡು ದಿನಗಳಲ್ಲಿ ಗುಣ ಕಾಣಲಿಲ್ಲವೆಂದು ಬಿಸುಡದೆ ಕೆಲವು ವಾರ ಧರಿಸುವುದು ಯುಕ್ತ.

ಕೆನ್ನೆಯ ಕೆಳಗೆ ಕೈ ಮಡಿಸಿಟ್ಟುಕೊಂಡು ಮಲಗುವ ಅಭ್ಯಾಸವನ್ನು ಬಿಡಬೇಕು. ಪಕ್ಕಕ್ಕೆ ಮಲಗಿದಾಗ ಮುಂದೆ ದಿಂಬೊಂದನ್ನಿಟ್ಟು ಅದರ ಮೇಲೆ ಕೈ ಚಾಚಿದರೆ ಹಿತವಾಗುತ್ತದೆ. ಹಗಲಿನಲ್ಲಿ ಆಗಾಗ ಕೈಯನ್ನು ಎದೆಯ ಮಟ್ಟಕ್ಕಿಂತ ಮೇಲೆತ್ತಿ ವಿಶ್ರಾಂತಿ ಕೊಡಬೇಕು. ಬೆರಳುಗಳನ್ನು ಮೆಲ್ಲಗೆ ಮಡಿಸಿ ಬಿಡಿಸುತ್ತಿರಬೇಕು. ಬಟ್ಟೆಯಲ್ಲಿ ಸುತ್ತಿದ ತಣ್ಣೀರಿನ ಚೀಲವನ್ನು ಮಣಿಕಟ್ಟಿನ ಮೇಲೆ ಸ್ವಲ್ಪ ಹೊತ್ತು ಇರಿಸಿದರೆ ಕೆಲವರಿಗೆ ಆರಾಮವೆನಿಸುತ್ತದೆ.

ಬಟ್ಟೆ ಹಿಂಡುವುದು, ತೆಂಗಿನಕಾಯಿ ತುರಿಯುವುದು, ಬಹಳ ಹೊತ್ತು ರೊಟ್ಟಿ ಬಡಿಯುವುದು, ಹೂ ಕಟ್ಟುವುದು, ಮೊಬೈಲನ್ನು ಮಡಿಸಿದ ಕೈಯಲ್ಲಿ ಹಿಡಿದಿರುವುದು ಮುಂತಾದುವು ಮಣಿಕಟ್ಟಿಗೆ ಶ್ರಮದಾಯಕವಾದುವು. ಇವುಗಳನ್ನು ಮನೆಯವರು ಹಂಚಿಕೊಳ್ಳಬೇಕು. ಸೀಮಂತದಲ್ಲಿ ತೊಡಿಸಿದ ಹಸಿರು ಬಳೆಗಳನ್ನು ತೆಗೆಯಲು ಮನಸ್ಸೊಪ್ಪದಿರುವುದು ಸಹಜವೇ. ಆದರೂ ಊದಿದ ಕೈಯಲ್ಲಿ ಬಿಗಿದ ಬಳೆ, ಉಂಗುರಗಳನ್ನು ಸಕಾಲದಲ್ಲಿ ತೆಗೆದಿರಿಸಬೇಕು. ತಡಮಾಡಿದಷ್ಟೂ ತೆಗೆಯುವುದು ದುಸ್ತರ. ಶುಭವನ್ನು ಕೋರಿ ತೊಡಿಸಿದ ಬಳೆಯಿಂದ ತಾಯಿಗೆ ನೋವಾಗುವುದನ್ನು ಯಾವ ಹಿರಿಯರೂ ಬಯಸರು.

ವರ್ಜಿಸಬೇಕಾದುವು

ನೋವಿನ ಗುಳಿಗೆಯನ್ನು ವೈದ್ಯರ ಅನುಮತಿಯಿಲ್ಲದೆ ನುಂಗಲಾಗದು. ಐಬುಪ್ರೊಫೆನ್, ಡೈಕ್ಲೊಫೆನಾಕ್ ಮೊದಲಾದ ಗುಳಿಗೆಗಳು ಗರ್ಭಸ್ಥ ಶಿಶುವಿನ ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲವಾದುದರಿಂದ 20 ವಾರಗಳ ಬಳಿಕ ಅವುಗಳನ್ನು ವರ್ಜಿಸುವಂತೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಎಚ್ಚರಿಸಿತು. ಊತವಿಳಿಸಲು ಮೂತ್ರ ಹೆಚ್ಚಿಸುವ ಮಾತ್ರೆಗಳನ್ನು ಸ್ವಂತ ನಿರ್ಧಾರದಿಂದ ತೆಗೆದುಕೊಳ್ಳುವುದೂ, ನೀರು ಕುಡಿಯುವುದನ್ನು ಕಡಿಮೆಮಾಡುವುದೂ ತಪ್ಪು. ಬಿ-6 ಜೀವಸತ್ತ್ವವನ್ನು ಮಿತಿಮೀರಿ ಸೇವಿಸಿದರೆ ಅದರಿಂದಲೇ ನರಗಳು ಕೆಡುವ ಸಂಭವವುಂಟು. ಎಣ್ಣೆ ಸವರಿ ಮೃದುವಾಗಿ ತಿಕ್ಕುವುದರಿಂದ ಬಾಧಕವಿಲ್ಲ. ಆದರೆ ವಾಯು ತೆಗೆಯುತ್ತೇವೆಂದು ಮಣಿಕಟ್ಟನ್ನು ಒತ್ತಿ, ಎಳೆದು, ಮುರಿಯುವುದು ಸಲ್ಲದು. ಜೋಮು ಹಿಡಿದ ಬೆರಳಿಗೆ ಬಿಸಿಯ ಅರಿವು ಮಂದವಾಗಿರುವುದರಿಂದ ಶಾಖ ಕೊಡುವಾಗ ಸುಟ್ಟುಕೊಳ್ಳುವ ಭಯವಿದೆ.

ವೈದ್ಯರನ್ನು ಕಾಣಬೇಕಾದ ಸಂದರ್ಭಗಳು

ಜೋಮು ಹಗಲಿರುಳೂ ಬಿಡದಿದ್ದರೆ, ಹಿಡಿತ ಕುಂದುತ್ತ ಹೋದರೆ, ಹೆಬ್ಬೆರಳಿನ ಬುಡದ ಉಬ್ಬು ಬತ್ತಿದಂತೆ ತೋರಿದರೆ ತಡಮಾಡಬಾರದು. ಅವಶ್ಯವಾದಲ್ಲಿ ವೈದ್ಯರು ಮಣಿಕಟ್ಟಿಗೆ ಸ್ಟಿರಾಯ್ಡ್ ಚುಚ್ಚುಮದ್ದು ನೀಡುವುದುಂಟು. ಅಡ್ಡಪಟ್ಟಿಯನ್ನು ಬಿಡಿಸುವ ಶಸ್ತ್ರಕ್ರಿಯೆಯೂ ಇದೆ. ಗರ್ಭಿಣಿಯರಿಗೆ ಅದು ಬೇಕಾಗುವುದು ವಿರಳ. ಕೈಗಳಂತೆಯೇ ಪಾದಗಳಲ್ಲಿಯೂ ಜೋಮಿದ್ದರೆ ಕಾರಣ ಬೇರೆ ಇರಬಹುದು. ಶಾಕಾಹಾರಿಗಳಲ್ಲಿ ಬಿ-12 ಜೀವಸತ್ತ್ವದ ಕೊರತೆ ಅಂಥ ಕಾರಣಗಳಲ್ಲೊಂದು. ಅದನ್ನು ರಕ್ತಪರೀಕ್ಷೆಯಿಂದ ತಿಳಿಯಬಹುದು.

ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಮತ್ತೊಂದುಂಟು. ಮುಖವೂ ಕೈಗಳೂ ಹಠಾತ್ತನೆ ಊದಿಕೊಂಡು, ಅದರೊಡನೆ ತೀವ್ರವಾದ ತಲೆನೋವು, ಕಣ್ಣು ಮಂಜಾಗುವುದು, ಮೇಲ್ಹೊಟ್ಟೆಯ ನೋವು ಇವುಗಳಲ್ಲಿ ಯಾವುದಾದರೂ ಕಂಡರೆ ಅದನ್ನು ಕೈಜೋಮಿನ ಊತವೆಂದು ಬಗೆದು ಸುಮ್ಮನಿರಲಾಗದು. ಅದು ರಕ್ತದೊತ್ತಡ ಏರಿ ಬರುವ ‘ಪ್ರಿ-ಎಕ್ಲಾಂಪ್ಸಿಯಾ’ ಎಂಬ ರೋಗವಿರಬಹುದು. ತಾಯಿ ಮಗು ಇಬ್ಬರ ಪ್ರಾಣಕ್ಕೂ ಅದು ಕುತ್ತು. ಕೂಡಲೇ ಆಸ್ಪತ್ರೆಗೆ ಹೋಗಬೇಕು. ರಕ್ತದೊತ್ತಡವು 140/90 ಅಥವಾ ಅದಕ್ಕೂ ಹೆಚ್ಚಿದ್ದರೆ ಅದು ಎಚ್ಚರಿಕೆಯ ಗಂಟೆ. ಈ ಕಾರಣದಿಂದಲೇ ಊತವನ್ನು ‘ಇದ್ದದ್ದೇ’ ಎಂದು ತಳ್ಳಿಹಾಕದೆ ಪ್ರತಿ ತಪಾಸಣೆಯಲ್ಲಿಯೂ ಹೇಳಿಕೊಳ್ಳಬೇಕು.

ಹೆರಿಗೆಯ ಅನಂತರ

ಸಮಾಧಾನದ ವಿಷಯವೆಂದರೆ, ಬಹುಮಂದಿಗೆ ಹೆರಿಗೆಯಾದ ಕೆಲವು ವಾರ ಅಥವಾ ತಿಂಗಳುಗಳಲ್ಲಿ ನೀರಿಳಿದು ಕೈ ಮೊದಲಿನಂತಾಗುತ್ತದೆ. ಕೆಲವರಿಗೆ ಹಾಲೂಡಿಸುವ ಅವಧಿಯಲ್ಲಿಯೂ ಬಾಧೆ ಮುಂದುವರಿಯಬಹುದು. ಅಂಥ ಬಾಣಂತಿಯು ಕೂಸಿನ ಭಾರವನ್ನು ಮಡಿಸಿದ ಮಣಿಕಟ್ಟಿನ ಮೇಲೆ ಹೊರದೆ, ತೊಡೆಯ ಮೇಲೆ ದಿಂಬನ್ನಿರಿಸಿ ಮುಂದೋಳಿನ ಆಸರೆಯಿಂದ ಹಾಲೂಡಿಸಬೇಕು. ಹಿಡಿತದ ಮೇಲೆ ನೆಚ್ಚಿಕೆಯಿಲ್ಲದಿರುವಾಗ ಕೂಸನ್ನು ಎರೆಯುವ, ಎತ್ತಿ ಕೊಡುವ ಕೆಲಸಗಳಲ್ಲಿ ಮತ್ತೊಬ್ಬರು ಜೊತೆಗಿರುವುದು ಕ್ಷೇಮ. ಹಲವು ತಿಂಗಳು ಕಳೆದರೂ ಜೋಮು ಉಳಿದರೆ ನರದ ಪರೀಕ್ಷೆಯನ್ನು ಮಾಡಿಸಬೇಕು.

ಸಹೋದ್ಯೋಗಿಗಳ ಹೊಣೆ

1961ರ ಮಾತೃತ್ವ ಸೌಲಭ್ಯ ಕಾಯಿದೆಗೆ 2017ರಲ್ಲಾದ ತಿದ್ದುಪಡಿಯು ಮೊದಲೆರಡು ಹೆರಿಗೆಗಳಿಗೆ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿತು. ಅದರಲ್ಲಿ ಹೆರಿಗೆಗೆ ಮುಂಚೆ ಪಡೆಯಬಹುದಾದುದು 8 ವಾರ ಮಾತ್ರ. ಮಗುವಿನೊಡನೆ ಹೆಚ್ಚು ದಿನ ಕಳೆಯುವ ಆಸೆಯಿಂದ ಅದನ್ನೂ ಉಳಿಸಿಕೊಂಡು ಕಡೆಯವರೆಗೆ ಪಾಠ ಹೇಳುವವರುಂಟು. ಕೈ ಸೋಲುವ ಕಾಲವೂ ಆಕೆ ಹಲಗೆಯ ಮುಂದೆ ನಿಲ್ಲುವ ಕಾಲವೂ ಹೀಗೆ ಒಂದೇ ಆಗುತ್ತವೆ. ಬರೆಯುವ ಕೆಲಸವನ್ನು ಹಿರಿಯ ವಿದ್ಯಾರ್ಥಿಯೊಬ್ಬನಿಗೆ ಒಪ್ಪಿಸುವುದು, ಉತ್ತರಪತ್ರಿಕೆಗಳ ಕಟ್ಟನ್ನು ಸಹೋದ್ಯೋಗಿಗಳು ಹಂಚಿಕೊಳ್ಳುವುದು, ದಾಖಲೆ ಪುಸ್ತಕಗಳ ನಕಲನ್ನು ಬೇರೆಯವರಿಗೆ ವಹಿಸುವುದು ಇವಾವುದಕ್ಕೂ ಹಣ ಬೇಕಿಲ್ಲ. ಮುಖ್ಯೋಪಾಧ್ಯಾಯರು ಅರಿತು ಏರ್ಪಡಿಸಿದರೆ ಸಾಕು. ಆಕೆ ಬಾಯಿಬಿಟ್ಟು ಕೇಳುವವರೆಗೆ ಕಾಯದೆ ಮಾಡಿದ ನೆರವು ಹೆಚ್ಚಿನದು; ಏಕೆಂದರೆ ಕೈಯಲ್ಲಾಗದೆಂದು ಹೇಳಿಕೊಳ್ಳುವುದು ದುಡಿದು ಬಾಳಿದವರಿಗೆ ನೋವಿಗಿಂತಲೂ ಕಠಿಣವಾದುದು.