ಸರದಿಯಲ್ಲಿ ನಿಮ್ಮ ಮುಂದೆ ಯಾರಿದ್ದರು?

ಒಂದೇ ಊರು, ಒಂದೇ ಕಟ್ಟಡ, ಒಂದೇ ಕಾನೂನು. ಜೀವ ಉಳಿಸಿಕೊಳ್ಳಲು ಕೊಲಂಬಿಯಾ ಬಿಟ್ಟು ಬಂದವರು ಅಮೆರಿಕದ ಮಯಾಮಿ ವಲಸೆ ನ್ಯಾಯಾಲಯದಲ್ಲಿ ಆಶ್ರಯ ಕೇಳಿದ್ದರು. ಒಬ್ಬ ನ್ಯಾಯಾಧೀಶರ ಮುಂದೆ ನಿಂತವರಲ್ಲಿ ನೂರಕ್ಕೆ 88 ಮಂದಿಗೆ ಆಶ್ರಯ ಸಿಕ್ಕಿತು. ಅದೇ ಕಟ್ಟಡದ ಇನ್ನೊಬ್ಬರ ಮುಂದೆ ನಿಂತವರಲ್ಲಿ? ಬರೀ 5 ಮಂದಿಗೆ!

ಜಯಾ ರಾಮ್‌ಜಿ-ನೊಗಾಲೆಸ್ ಮತ್ತು ಇನ್ನಿಬ್ಬರು ಕಾನೂನು ಪ್ರಾಧ್ಯಾಪಕರು 2007ರಲ್ಲಿ ಬಿಚ್ಚಿಟ್ಟ ಲೆಕ್ಕ ಇದು. ಮಹಿಳಾ ನ್ಯಾಯಾಧೀಶರು ಆಶ್ರಯ ಕೊಟ್ಟ ಪ್ರಮಾಣ ಪುರುಷರದ್ದಕ್ಕಿಂತ ಶೇ. 44ರಷ್ಟು ಹೆಚ್ಚು ಎಂಬುದೂ ಅದರಲ್ಲೇ ಹೊರಬಿತ್ತು. ಇದೆಲ್ಲ ಕಣ್ಣಿಗೆ ಬಿದ್ದದ್ದಾದರೂ ಹೇಗೆ? ಯಾರ ಅರ್ಜಿ ಯಾರ ಮೇಜಿಗೆ ಎಂಬುದನ್ನು ಸಾಮಾನ್ಯವಾಗಿ ಅರ್ಜಿದಾರನ ಕಥೆ ನೋಡಿ ತೀರ್ಮಾನಿಸುವುದಿಲ್ಲ. ಪಕ್ಷಪಾತ ಬೇಡವೆಂದು ಮಾಡಿಕೊಂಡ ಆ ಏರ್ಪಾಡೇ ನ್ಯಾಯಾಧೀಶರ ನಡುವಿನ ಅಂತರವನ್ನು ಬಯಲಿಗೆಳೆಯಿತು!

ಆದರೆ ನಿಜವಾಗಿ ಮೈ ಜುಮ್ಮೆನ್ನಿಸುವುದು 2016ರ ಇನ್ನೊಂದು ಅಧ್ಯಯನ. ಡೇನಿಯಲ್ ಚೆನ್, ಟೋಬಿಯಾಸ್ ಮೊಸ್ಕೊವಿಟ್ಜ್, ಕೆಲ್ಲಿ ಶೂ ಎಂಬ ಮೂವರು ಬೇರೆಯದೇ ಪ್ರಶ್ನೆ ಹಾಕಿಕೊಂಡರು: ಒಬ್ಬರೇ ನ್ಯಾಯಾಧೀಶರು, ಬೆನ್ನುಬೆನ್ನಿಗೆ ಅರ್ಜಿಗಳು. ಹಿಂದಿನ ತೀರ್ಪು ಮುಂದಿನದಕ್ಕೆ ಅಂಟಿಕೊಳ್ಳುತ್ತದೆಯೇ?

ಅಂಟಿಕೊಳ್ಳುತ್ತದೆ! ನಿಮಗಿಂತ ಮೊದಲಿನವನಿಗೆ ಆಶ್ರಯ ಸಿಕ್ಕಿದ್ದರೆ ನಿಮಗೆ ಸಿಗುವ ಸಾಧ್ಯತೆ ಗರಿಷ್ಠ 3.3 ಶೇಕಡಾ ಅಂಶಗಳಷ್ಟು ಕಡಿಮೆಯಾಗಬಹುದು. ಮೊದಲಿನ ಇಬ್ಬರೂ ನಿಮ್ಮ ದೇಶದವರೇ ಆಗಿ, ಇಬ್ಬರಿಗೂ ಸಿಕ್ಕಿದ್ದರೆ ನಿಮ್ಮ ಗ್ರಹಚಾರ ಇನ್ನಷ್ಟು ಕೆಟ್ಟಂತೆ. ಟಾಸ್‌ನಲ್ಲಿ ಸಾಲಾಗಿ ಮೂರು ಸಲ ಹೆಡ್ ಬಿದ್ದರೆ ಈ ಸಲ ಟೇಲ್ ಬಿದ್ದೇ ಬೀಳುತ್ತದೆ ಅನ್ನಿಸುವುದಿಲ್ಲವೇ, ಅದೇ ಭ್ರಮೆ ಇದು. ಸಹಿ ಹಾಕುವ ಕೈ ಒಂದು ಕ್ಷಣ ತಡೆಯುತ್ತದೆ: ಎಲ್ಲರಿಗೂ ಹೂಂ ಅಂದುಬಿಡುತ್ತಿದ್ದೇನಾ? ಸರಿದೂಗಿಸಬೇಕೆಂಬ ಆ ಪ್ರಾಮಾಣಿಕ ಅಳುಕೇ ಮೂರನೆಯವನ ಪಾಲಿಗೆ ಅನ್ಯಾಯ. ಕೆಟ್ಟ ಮನಸ್ಸಿನಿಂದಲ್ಲ, ಒಳ್ಳೆಯ ಮನಸ್ಸಿನಿಂದ!

(ಇಂಥ ಬೆರಗುಗಳನ್ನು ಒರೆಗೆ ಹಚ್ಚುತ್ತಲೂ ಇರಬೇಕು ಅನ್ನಿ. ಹೊರಗೆ ಬಿಸಿಲೇರಿದರೆ ವಲಸೆ ನ್ಯಾಯಾಧೀಶರು ಬಿಗಿಯಾಗುತ್ತಾರೆ ಎಂದು 2019ರಲ್ಲಿ 2,07,000 ಪ್ರಕರಣಗಳ ಅಧ್ಯಯನವೊಂದು ಹೇಳಿತು. ಹಾರ್ವರ್ಡ್‌ನ ಹೋಲ್ಗರ್ ಸ್ಪಾಮನ್ ಲೆಕ್ಕದ ತಪ್ಪುಗಳನ್ನು ತಿದ್ದಿ ನೋಡಿದರೆ ಆ ಪರಿಣಾಮವೇ ಮಾಯ.)

ಚೆನ್ ತಂಡ ನ್ಯಾಯಾಲಯಕ್ಕೇ ನಿಲ್ಲಲಿಲ್ಲ. ಅವರ ಎರಡನೆಯ ಸಾಕ್ಷಿ ಎಲ್ಲಿಯದು ಗೊತ್ತೇ? ನಮ್ಮ ಭಾರತದ್ದು! ಇಲ್ಲಿನ ಬ್ಯಾಂಕುಗಳ ಸಾಲ ಅಧಿಕಾರಿಗಳಿಗೆ ಹಳೆಯ, ಅಸಲಿ ಸಾಲದ ಅರ್ಜಿಗಳನ್ನು ಕೊಟ್ಟು ಮಂಜೂರು ಮಾಡುವಿರೋ ಇಲ್ಲವೋ ಎಂದು ಕೇಳಿದ ಪ್ರಯೋಗವೊಂದಿತ್ತು. ಅಲ್ಲೂ ಅದೇ ಸರಿದೂಗಿಸುವ ಚಟ. ಎಷ್ಟು ಸರಿಯಾಗಿ ತೀರ್ಮಾನಿಸಿದರೂ ಸಿಗುವ ಹಣ ಅಷ್ಟೇ ಎಂದಿದ್ದಾಗ ಚಟ ಜೋರು, ಸರಿ ತೀರ್ಮಾನಕ್ಕೆ ಹೆಚ್ಚು ಹಣ ಎಂದಾಗ ಅದು ತಗ್ಗಿತು. ಮೂರನೆಯ ಸಾಕ್ಷಿ ಅಮೆರಿಕದ ಬೇಸ್‌ಬಾಲ್ ಅಂಪೈರ್‌ಗಳು. ಅವರೂ ಹಾಗೆಯೇ.

ಬೇಸ್‌ಬಾಲ್‌ನಲ್ಲಿ ಚೆಂಡು ಎಲ್ಲಿ ಹಾದುಹೋಯಿತೆಂದು ಕ್ಯಾಮೆರಾ ಹೇಳುತ್ತದೆ. ಸಾಲ ತೀರಿತೋ ಇಲ್ಲವೋ ಬ್ಯಾಂಕಿನ ಲೆಕ್ಕದ ಪುಸ್ತಕ ಹೇಳುತ್ತದೆ. ಆಶ್ರಯ ನಿರಾಕರಿಸಿ ವಿಮಾನ ಹತ್ತಿಸಿದವನಿಗೆ ಊರಲ್ಲಿ ಏನಾಯಿತೆಂದು ಆ ನ್ಯಾಯಾಧೀಶರಿಗೆ ಬಂದು ಹೇಳುವವರು ಸಾಮಾನ್ಯವಾಗಿ ಯಾರೂ ಇರುವುದಿಲ್ಲ.