ರೆಕ್ಕೆಯ ಮೇಲಿನ ಎರಡು ಅಂಕಿ

ನಂಜನಗೂಡಿನಿಂದ ಚಾಮರಾಜನಗರದ ಕಡೆಗೆ ಹೋಗುವ ದಾರಿಯಲ್ಲಿ ಸಿಗುವ ಕವಲಂದೆಯ ಹೊಲಗಳಿಗೂ, ಅತ್ತ ತಿ. ನರಸೀಪುರದ ಗದ್ದೆ ಬಯಲಿಗೂ ಔಷಧಿ ಹೊಡೆಯುವ ಡ್ರೋನ್ ಇನ್ನು ದೂರದ ಮಾತಲ್ಲ. ಡ್ರೋನ್ ನಿಯಮಗಳು 2021ರ ಆಗಸ್ಟ್‌ನಲ್ಲಿ ಬಂದವು, ಸಿಂಪಡಣೆಯ ಕಾರ್ಯವಿಧಾನ ಅದೇ ಡಿಸೆಂಬರ್‌ನಲ್ಲಿ. ಹದಿನೈದು ಸಾವಿರ ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡಿಸುವ ನಮೋ ಡ್ರೋನ್ ದೀದಿ ಯೋಜನೆಗೆ ಕೇಂದ್ರ ಸರ್ಕಾರ 2023ರಲ್ಲಿ ಒಪ್ಪಿಗೆ ಕೊಟ್ಟಿತು. ಯಂತ್ರ ಕೊಳ್ಳುವಾಗಲೋ ಬಾಡಿಗೆಗೆ ಮಾತಾಡುವಾಗಲೋ ಸಾಮಾನ್ಯವಾಗಿ ಬರುವ ಪ್ರಶ್ನೆಗಳು ಮೂರು: ಟ್ಯಾಂಕ್ ಎಷ್ಟು ಲೀಟರಿನದು, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಎಕರೆಗೆ ಎಷ್ಟು ದುಡ್ಡು. ಈ ಮೂರರ ಉತ್ತರವನ್ನೂ ಬಹುಮಟ್ಟಿಗೆ ತೀರ್ಮಾನಿಸುವ ನಾಲ್ಕನೆಯದೊಂದಿದೆ. ಅದು ಪ್ರೊಪೆಲ್ಲರಿನ, ಅಂದರೆ ತಿರುಗುವ ರೆಕ್ಕೆಯ, ಅಳತೆ. ಮೋಟಾರಿಗಿಂತಲೂ ಬ್ಯಾಟರಿಗಿಂತಲೂ ಮೊದಲು ನೋಡಬೇಕಾದದ್ದು ರೆಕ್ಕೆಯನ್ನು ಎಂಬುದೇ ಇಲ್ಲಿ ಹೇಳಬೇಕಾಗಿರುವ ಮಾತು.

ರೆಕ್ಕೆಯ ಬುಡದಲ್ಲಿ ಸಣ್ಣದಾಗಿ ಅಂಕಿಗಳು ಅಚ್ಚಾಗಿರುತ್ತವೆ. 3090 ಎಂದಿದ್ದರೆ ವ್ಯಾಸ 30 ಇಂಚು, ಪಿಚ್ 9 ಇಂಚು. 2170 ಎಂದಿದ್ದರೆ 21 ಇಂಚು ವ್ಯಾಸ, 7 ಇಂಚು ಪಿಚ್. ವ್ಯಾಸ ಎಲ್ಲರಿಗೂ ತಿಳಿಯುವಂಥದ್ದು: ರೆಕ್ಕೆ ತಿರುಗುವಾಗ ಮೂಡುವ ವೃತ್ತದ ಅಡ್ಡಗಲ. ಮರದೊಳಗೆ ಸ್ಕ್ರೂ ಒಂದು ಸುತ್ತಿಗೆ ಎಷ್ಟು ಒಳಗಿಳಿಯುತ್ತದೋ, ಹಾಗೆ ರೆಕ್ಕೆಯು ಜಾರದೆ ಒಂದು ಸುತ್ತಿಗೆ ಗಾಳಿಯಲ್ಲಿ ಎಷ್ಟು ಮುಂದೆ ಸಾಗಬೇಕೋ ಆ ದೂರವೇ ಪಿಚ್. ರೆಕ್ಕೆ ಹೆಚ್ಚು ಓರೆಯಾದಷ್ಟೂ ಪಿಚ್ ಹೆಚ್ಚು. ಇದು ಹಳೆಯ ವಿದ್ಯೆ. 1903ರಲ್ಲಿ ರೈಟ್ ಸಹೋದರರು ಎಂಟೂವರೆ ಅಡಿ ಉದ್ದದ ಮರದ ಪ್ರೊಪೆಲ್ಲರನ್ನು ಕೈಯಲ್ಲೇ ಕೆತ್ತಿದಾಗ, ಇದು ತಿರುಗುವ ವಿಮಾನ ರೆಕ್ಕೆಯೇ ಹೊರತು ಬೇರೇನೂ ಅಲ್ಲ ಎಂದು ಕಂಡುಕೊಂಡಿದ್ದರು. ಇಂದಿನ ಲೆಕ್ಕವೂ ಆ ತಿಳಿವಳಿಕೆಯ ಮೇಲೇ ನಿಂತಿದೆ.

ವ್ಯಾಸದ ಮಾತು ಮೊದಲು. ಡ್ರೋನ್ ಮೇಲೆ ನಿಲ್ಲುವುದು ಗಾಳಿಯನ್ನು ಕೆಳಕ್ಕೆ ತಳ್ಳುವುದರಿಂದ. ಅಷ್ಟೇ ಭಾರ ಹೊರಲು ಸ್ವಲ್ಪ ಗಾಳಿಯನ್ನು ಬಲವಾಗಿ ತಳ್ಳಬಹುದು, ಇಲ್ಲವೇ ಬಹಳ ಗಾಳಿಯನ್ನು ಮೆಲ್ಲಗೆ ತಳ್ಳಬಹುದು. ಖರ್ಚು ಕಡಿಮೆಯಾಗುವುದು ಎರಡನೆಯದರಲ್ಲಿ. ತೂಕ ಒಂದೇ ಇದ್ದರೆ, ನಿಂತಲ್ಲೇ ತೇಲಲು ಬೇಕಾದ ಕನಿಷ್ಠ ಶಕ್ತಿ ವ್ಯಾಸ ಹೆಚ್ಚಿದಷ್ಟೇ ಪ್ರಮಾಣದಲ್ಲಿ ಇಳಿಯುತ್ತದೆ. ಆರು ರೆಕ್ಕೆಯ, ತುಂಬಿದ ಟ್ಯಾಂಕ್ ಸೇರಿ 25 ಕೆ.ಜಿ. ತೂಗುವ ಡ್ರೋನನ್ನು ತೆಗೆದುಕೊಳ್ಳಿ. 23 ಇಂಚಿನ ರೆಕ್ಕೆ ಹಾಕಿದರೆ ಅದಕ್ಕೆ ಸೈದ್ಧಾಂತಿಕವಾಗಿ ಸುಮಾರು 2,100 ವ್ಯಾಟ್ ಬೇಕು. 30 ಇಂಚಿನದು ಹಾಕಿದರೆ ಸುಮಾರು 1,600 ಸಾಕು. ಮೋಟಾರಿನ, ರೆಕ್ಕೆಯ ನಷ್ಟ ಸೇರಿದಾಗ ಎರಡೂ ಅಂಕಿ ಮೇಲೇರುತ್ತವೆ, ಆದರೆ ಅಂತರ ಉಳಿಯುತ್ತದೆ. ಈ ಲೆಕ್ಕ ನಂಜನಗೂಡು ಸೀಮೆಗೆಂದೇ ಮಾಡಿದ್ದು. ಸಮುದ್ರ ಮಟ್ಟದಿಂದ ಆರೇಳು ನೂರು ಮೀಟರ್ ಎತ್ತರದಲ್ಲಿ, 35 ಡಿಗ್ರಿ ಬಿಸಿಲಲ್ಲಿ, ಗಾಳಿಯ ಸಾಂದ್ರತೆ ಪುಸ್ತಕದಲ್ಲಿ ಕೊಡುವ ಸಮುದ್ರ ಮಟ್ಟದ ಅಂಕಿಗಿಂತ ಸುಮಾರು ಶೇ 14ರಷ್ಟು ಕಡಿಮೆ. ಕರಾವಳಿಯ ತಂಪು ಬೆಳಗಿನಲ್ಲಿ ಸಲೀಸಾಗಿ ಎದ್ದ ಯಂತ್ರ ಇಲ್ಲಿನ ಏಪ್ರಿಲ್ ಮಧ್ಯಾಹ್ನದಲ್ಲಿ ಏದುಸಿರು ಬಿಡುವುದು ಇದೇ ಕಾರಣಕ್ಕೆ.

ದೊಡ್ಡ ಬ್ಯಾಟರಿ ಹಾಕಿದರೆ ಆಯಿತಲ್ಲ ಎಂಬ ಆಕ್ಷೇಪ ಇಲ್ಲಿ ಬರುತ್ತದೆ. ಬ್ಯಾಟರಿಯೂ ತೂಕವೇ. ತೂಕ ಹೆಚ್ಚಿದಂತೆ ಬೇಕಾಗುವ ಶಕ್ತಿ ಅದಕ್ಕಿಂತ ವೇಗವಾಗಿ ಏರುತ್ತದೆ. ಜೊತೆಗೆ ನಮ್ಮ ನಿಯಮದಲ್ಲಿ 25 ಕೆ.ಜಿ.ವರೆಗಿನದು ಸಣ್ಣ ಡ್ರೋನ್, ಅದನ್ನು ದಾಟಿದರೆ ಮಧ್ಯಮ ವರ್ಗ. ಆ ಗೆರೆಯ ಒಳಗೇ ಉಳಿಯಬೇಕಾದರೆ ಬ್ಯಾಟರಿಗೆ ಕೊಟ್ಟ ಪ್ರತಿ ಕಿಲೋವನ್ನೂ ಔಷಧಿಯ ಪಾಲಿನಿಂದ ಕೀಳಬೇಕು. ತೂಕಕ್ಕೆ ಹೀಗೆ ಮಿತಿ ಬಿದ್ದ ಮೇಲೆ ರೈತನಿಗೆ ನಿಮಿಷಗಳನ್ನು ಉಳಿಸಿಕೊಡಬಲ್ಲದ್ದು ಮುಖ್ಯವಾಗಿ ರೆಕ್ಕೆಯೇ.

ಹಾಗಾದರೆ 40 ಇಂಚು, 50 ಇಂಚು ಏಕೆ ಬೇಡ? ಇದು ನ್ಯಾಯವಾದ ಪ್ರಶ್ನೆ. ಇಂಥ ಡ್ರೋನ್ ತನ್ನ ಸಮತೋಲ ಕಾಯುವುದು ಒಂದೊಂದು ರೆಕ್ಕೆಯ ವೇಗವನ್ನು ಕ್ಷಣಕ್ಷಣಕ್ಕೂ ಏರಿಳಿಸಿ. ಉದ್ದನೆಯ ರೆಕ್ಕೆಗೆ ಜಡತ್ವ ಹೆಚ್ಚು, ವೇಗ ಬದಲಿಸಲು ತಡ ಮಾಡುತ್ತದೆ, ಗಾಳಿ ಬೀಸಿದಾಗ ಯಂತ್ರ ಓಲಾಡುತ್ತದೆ. ರೆಕ್ಕೆಗಳು ಒಂದಕ್ಕೊಂದು ತಾಗದಿರಲು ತೋಳುಗಳನ್ನು ಉದ್ದ ಮಾಡಬೇಕು, ಅದರಿಂದ ಚೌಕಟ್ಟಿನ ತೂಕ ಏರುತ್ತದೆ. ಇಕ್ಕಟ್ಟಿನ ಬದುಗಳ ನಡುವೆ ಹೊತ್ತೊಯ್ಯುವ ಕಷ್ಟ ಬೇರೆ. ದೊಡ್ಡದು ಒಳ್ಳೆಯದು ಎಂಬ ಮಾತಿಗೆ ಹೀಗೆ ಒಂದು ಕೊನೆಯಿದೆ.

ಪಿಚ್ ವಿಷಯದಲ್ಲಿ ಎಡವುವುದು ಇನ್ನೂ ಸುಲಭ. ಪಿಚ್ ಹೆಚ್ಚಾದರೆ ಹೆಚ್ಚು ಗಾಳಿ ತಳ್ಳುತ್ತದೆ, ಹೆಚ್ಚು ಭಾರ ಎತ್ತುತ್ತದೆ ಎಂದು ತೋರುವುದು ಸಹಜ. ಒಂದು ಹದದವರೆಗೆ ಅದು ನಿಜವೂ ಹೌದು. ಆದರೆ ನಿಂತಲ್ಲೇ ತೇಲುವ ಯಂತ್ರದಲ್ಲಿ ಅತಿ ಓರೆಯಾದ ರೆಕ್ಕೆಯ ಮೇಲ್ಮೈಯಿಂದ ಗಾಳಿ ಕಿತ್ತುಹೋಗುತ್ತದೆ. ಮೋಟಾರು ಕರೆಂಟು ಎಳೆಯುತ್ತಲೇ ಇರುತ್ತದೆ, ಕಾಯುತ್ತದೆ, ಎತ್ತುವ ಬಲ ಮಾತ್ರ ಅಷ್ಟಾಗಿ ಹೆಚ್ಚುವುದಿಲ್ಲ. ರೇಸ್ ಡ್ರೋನ್‌ಗಳಲ್ಲಿ 5 ಇಂಚು ವ್ಯಾಸಕ್ಕೆ ನಾಲ್ಕು ಇಂಚು ದಾಟಿದ ಪಿಚ್ ಇರುತ್ತದೆ ನಿಜ. ಗಂಟೆಗೆ ನೂರು ಕಿ.ಮೀ. ಮೀರಿ ನುಗ್ಗುವಾಗ ಎದುರಿನಿಂದ ಬರುವ ಗಾಳಿಯೇ ಆ ಓರೆಯನ್ನು ಸರಿದೂಗಿಸುತ್ತದೆ. ಸಿಂಪಡಣೆಯಲ್ಲಿ ಆ ವೇಗವೇ ಇಲ್ಲ. 9 ಇಂಚು ಪಿಚ್ಚಿನ ರೆಕ್ಕೆ ನಿಮಿಷಕ್ಕೆ 3,000 ಸುತ್ತು ತಿರುಗಿದರೆ ಗಾಳಿಯನ್ನು ಸೆಕೆಂಡಿಗೆ ಸುಮಾರು 11 ಮೀಟರ್ ವೇಗದಲ್ಲಿ ಸಾಗಿಸಬಲ್ಲದು. ಬೆಳೆಯ ಮೇಲೆ ಡ್ರೋನ್ ಸಾಗುವುದು ಸೆಕೆಂಡಿಗೆ ನಾಲ್ಕೈದು ಮೀಟರ್. ಆದ್ದರಿಂದಲೇ ಕೃಷಿ ಡ್ರೋನ್‌ಗಳಲ್ಲಿ ಪಿಚ್ಚು ವ್ಯಾಸದ ಮೂರನೇ ಒಂದು ಭಾಗದ ಆಸುಪಾಸಿನಲ್ಲೇ ನಿಲ್ಲುತ್ತದೆ. ಬೆಳೆಗೂ ಇದರಲ್ಲಿ ಪಾಲಿದೆ. ಮೇಲೆ ಹೇಳಿದ 25 ಕೆ.ಜಿ. ಡ್ರೋನಿನಲ್ಲಿ 23 ಇಂಚಿನ ರೆಕ್ಕೆಯ ಬಳಿ ಗಾಳಿ ಸೆಕೆಂಡಿಗೆ ಎಂಟೂವರೆ ಮೀಟರ್ ವೇಗದಲ್ಲಿ ಕೆಳಗಿಳಿದರೆ, 30 ಇಂಚಿನದರಲ್ಲಿ ಆರೂವರೆ. ಎಲೆ ಮಗುಚಿ ಅಡಿಭಾಗಕ್ಕೂ ಹನಿ ತಾಗಲು ಈ ಇಳಿಗಾಳಿ ಬೇಕು. ವಿಪರೀತವಾದರೆ ಹಾಲುಗಾಳಿನ ಭತ್ತ ಮಲಗುತ್ತದೆ.

ಇದೆಲ್ಲ ತಯಾರಕರ ತಲೆನೋವು, ರೈತನಿಗೇಕೆ ಎನ್ನುವವರಿದ್ದಾರೆ. ಹೊಸ ಯಂತ್ರದ ಮಟ್ಟಿಗೆ ಆ ಮಾತು ಸರಿ. ಆದರೆ ಡ್ರೋನಿನಲ್ಲಿ ಬೇಗ ಮುರಿಯುವ ಭಾಗವೇ ರೆಕ್ಕೆ. ತೆಂಗಿನ ಗರಿಗೋ ಬೇಲಿಗೋ ತಾಗಿ ಮುರಿದಾಗ ಅಳತೆ ನೋಡದೆ ಅಗ್ಗದ್ದೊಂದನ್ನು ಸಿಕ್ಕಿಸಿದರೆ ಒಂದು ಮೋಟಾರು ಹೆಚ್ಚು ದುಡಿಯುತ್ತದೆ, ಉಳಿದವು ಅದಕ್ಕೆ ಹೊಂದಿಕೊಳ್ಳಲು ಹೆಣಗುತ್ತವೆ. ಎತ್ತುವ ಬಲದ ದೊಡ್ಡ ಪಾಲು ಹುಟ್ಟುವುದು ರೆಕ್ಕೆಯ ಹೊರಭಾಗದಲ್ಲಿ, ಹಾಗಾಗಿ ತುದಿಯ ಸಣ್ಣ ಸೀಳನ್ನೂ ಕಡೆಗಣಿಸುವಂತಿಲ್ಲ.

ಈ ವಿದ್ಯೆಗೆ ನಮ್ಮ ರಾಜ್ಯದಲ್ಲಿ ಮನೆಯೇ ಇಲ್ಲವೆಂದಲ್ಲ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ಕಟ್ಟಿದ ಎಂಟು ರೆಕ್ಕೆಯ ಡ್ರೋನ್, 2021ರ ನವೆಂಬರ್ 13ರಂದು ಆನೇಕಲ್ ತಾಲ್ಲೂಕಿನ ಚಂದಾಪುರದಿಂದ ಹಾರಗದ್ದೆಯ ಆರೋಗ್ಯ ಕೇಂದ್ರಕ್ಕೆ ಕೋವಿಡ್ ಲಸಿಕೆಯ 50 ಸೀಸೆಗಳನ್ನು ಹತ್ತೇ ನಿಮಿಷದಲ್ಲಿ ತಲುಪಿಸಿತು. 15 ಕೆ.ಜಿ. ಹೊರಬಲ್ಲ ಯಂತ್ರ ಅದು. ಆದರೂ 2022ರ ಫೆಬ್ರುವರಿಯಲ್ಲಿ ಪೂರ್ಣ ಡ್ರೋನ್‌ಗಳ ಆಮದನ್ನು ನಿಷೇಧಿಸಿದಾಗ ಬಿಡಿಭಾಗಗಳಿಗೆ ವಿನಾಯಿತಿ ಕೊಡಬೇಕಾಯಿತು. ರೆಕ್ಕೆಯೂ ಆ ಬಿಡಿಭಾಗಗಳಲ್ಲೊಂದು. ಎಲ್ಲಿಂದ ಬಂದ ರೆಕ್ಕೆಯಾದರೂ ಅದನ್ನು ಪರೀಕ್ಷಿಸಲು ಮಹಾ ಪ್ರಯೋಗಾಲಯ ಬೇಕಿಲ್ಲ. ಮೋಟಾರನ್ನು ಬಿಗಿದು ನಿಲ್ಲಿಸುವ ಗಟ್ಟಿ ಕಂಬ, ಒಂದು ತೂಕದ ಯಂತ್ರ, ವ್ಯಾಟ್ ತೋರಿಸುವ ಮೀಟರು ಸಾಕು. ಒಂದು ವ್ಯಾಟಿಗೆ ಎಷ್ಟು ಗ್ರಾಂ ಎತ್ತಿತು ಎಂಬ ಅಂಕಿ ಬಂದರೆ ಯಾವ ರೆಕ್ಕೆ ಯಾವ ಕೆಲಸಕ್ಕೆ ಎಂಬುದು ಯಾರಿಗಾದರೂ ತಿಳಿದೀತು. ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಇಂಥದ್ದೊಂದು ಸದಾ ನಿಂತಿರಲಿ, ಅಲ್ಲಿನ ಜಾತ್ರೆಯ ಕೃಷಿ ಮೇಳದಲ್ಲಿ ಎಲ್ಲರಿಗೂ ಕಾಣುವಂತೆ ತಿರುಗಲಿ. ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರಗಳು ಡ್ರೋನ್ ಇಟ್ಟಾಗ, ಬಾಡಿಗೆ ದರದ ಪಕ್ಕದಲ್ಲಿ ರೆಕ್ಕೆಯ ವ್ಯಾಸವನ್ನೂ ಪಿಚ್ಚನ್ನೂ ಬರೆದು ಹಾಕಲಿ.